ಭತ್ಯೆಯಿಂದ ವೃತ್ತಿಗೆ: ತರುಣರ ಬೆನ್ನಿಗೆ ನಿಲ್ಲುವವರಿಗೆ ಒಂದು ಕೈಪಿಡಿ

ಪದವಿಯನ್ನೋ ಡಿಪ್ಲೊಮಾವನ್ನೋ ಮುಗಿಸಿ ಮನೆಗೆ ಹಿಂದಿರುಗಿದ ಮಗನಿಗೆ ಅಥವಾ ಮಗಳಿಗೆ ಕೂಡಲೆ ಕೆಲಸ ದೊರೆಯದೆ ಹೋದಾಗ, ಆ ಮನೆಯಲ್ಲಿ ಮೊದಲು ಹುಟ್ಟುವುದು ಆತಂಕ. ಅದು ಕೊಂಚ ಹಳತಾದ ಮೇಲೆ ಉಪದೇಶವಾಗಿಯೂ, ಇನ್ನೂ ಹಳತಾದ ಮೇಲೆ ಮೌನವಾಗಿಯೂ ಪರಿಣಮಿಸುತ್ತದೆ. ಈ ಮೂರರಿಂದಲೂ ಆ ತರುಣನಿಗಾಗಲಿ ತರುಣಿಗಾಗಲಿ ಆಗುವ ಉಪಕಾರ ಅತ್ಯಲ್ಪ. ಆತಂಕಕ್ಕೆ ಬದಲಾಗಿ ಲೆಕ್ಕ, ಉಪದೇಶಕ್ಕೆ ಬದಲಾಗಿ ಮಾಹಿತಿ, ಮೌನಕ್ಕೆ ಬದಲಾಗಿ ನಿಯತವಾದ ಸಮಾಲೋಚನೆ—ಇವನ್ನು ಕೊಡಬಲ್ಲ ಒಬ್ಬ ಹಿರಿಯರು ಹತ್ತಿರದಲ್ಲಿದ್ದರೆ ನಿರುದ್ಯೋಗದ ಕಾಲವು ನಿಷ್ಫಲವಾಗಿ ಕಳೆಯುವುದಿಲ್ಲ. ಆ ಹಿರಿಯರು ತಂದೆತಾಯಿಯರೇ ಆಗಬೇಕೆಂಬ ನಿಯಮವೇನೂ ಇಲ್ಲ. ಕಾಲೇಜಿನ ಉಪನ್ಯಾಸಕರು, ಗ್ರಾಮ ಪಂಚಾಯಿತಿಯ ಗ್ರಂಥಾಲಯದ ಮೇಲ್ವಿಚಾರಕರು, ಕೆಲಸದಲ್ಲಿರುವ ಸೋದರಮಾವ, ನೆರೆಮನೆಯ ನಿವೃತ್ತ ನೌಕರರು, ಯಾರಾದರೂ ಆಗಬಹುದು. ಈ ಲೇಖನವು ಅಂಥವರನ್ನು ಉದ್ದೇಶಿಸಿ ಬರೆದದ್ದು.

ಭತ್ಯೆಯ ಸ್ವರೂಪ

ಕರ್ನಾಟಕ ಸರ್ಕಾರವು 2023ರ ಡಿಸೆಂಬರ್ 26ರಂದು ನೋಂದಣಿಯನ್ನು ಪ್ರಾರಂಭಿಸಿ, 2024ರ ಜನವರಿ 12ರಂದು, ಎಂದರೆ ಸ್ವಾಮಿ ವಿವೇಕಾನಂದರ ಜಯಂತಿಯ ದಿನ, ಶಿವಮೊಗ್ಗದಲ್ಲಿ ಮೊದಲ ಹಣವನ್ನು ವಿತರಿಸಿದ ಯುವನಿಧಿ ಯೋಜನೆಯಂತೆ, ವ್ಯಾಸಂಗ ಮುಗಿದು 180 ದಿನಗಳು ಕಳೆದರೂ ಕೆಲಸ ದೊರೆಯದ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿಯೂ ಡಿಪ್ಲೊಮಾ ಪಡೆದವರಿಗೆ 1500 ರೂಪಾಯಿಯೂ ಸಲ್ಲುತ್ತದೆ. ಈ ಹಣಕ್ಕೆ ಅವಧಿಯುಂಟು. ಅದು ಹೆಚ್ಚೆಂದರೆ 24 ತಿಂಗಳು, ಅಥವಾ ಕೆಲಸ ದೊರೆಯುವ ತನಕ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ.

ಅರ್ಜಿಯನ್ನು ಸೇವಾಸಿಂಧು ಜಾಲತಾಣದಲ್ಲಿ ಸ್ವತಃ ಸಲ್ಲಿಸಬಹುದು. ಗ್ರಾಮ ಒನ್, ಕರ್ನಾಟಕ ಒನ್, ಬಾಪೂಜಿ ಸೇವಾ ಕೇಂದ್ರಗಳಲ್ಲಿಯೂ ಸಲ್ಲಿಸಬಹುದು. ಅರ್ಜಿಗೆ ಮುಂಚೆ ಪರಿಶೀಲಿಸಬೇಕಾದ ಸಂಗತಿಗಳು ಎರಡು. ಮೊದಲನೆಯದು, ಪದವಿ ಪ್ರಮಾಣಪತ್ರದ ವಿವರವು ವಿಶ್ವವಿದ್ಯಾನಿಲಯದಿಂದ ರಾಷ್ಟ್ರೀಯ ಶೈಕ್ಷಣಿಕ ಠೇವಣಿಗೆ, ಎಂದರೆ ಡಿಜಿಲಾಕರ್‌ನಲ್ಲಿ ಕಾಣಸಿಗುವ ‘ನ್ಯಾಡ್’ಗೆ, ಸೇರಿದೆಯೇ ಎಂಬುದು. ಎರಡನೆಯದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂಬುದು. ಈ ಎರಡರಲ್ಲಿ ಒಂದು ತಪ್ಪಿದರೂ, ಅರ್ಹತೆಯಿದ್ದೂ ಹಣ ಬಾರದೆ ತಿಂಗಳುಗಳು ಸರಿದುಹೋಗುತ್ತವೆ.

ಉನ್ನತ ವ್ಯಾಸಂಗವನ್ನು ಮುಂದುವರಿಸುತ್ತಿರುವವರು, ಅಪ್ರೆಂಟಿಸ್ ಆಗಿ ಸ್ಟೈಪೆಂಡ್ ಪಡೆಯುತ್ತಿರುವವರು, ಸರ್ಕಾರಿ ಅಥವಾ ಖಾಸಗಿ ಕೆಲಸದಲ್ಲಿರುವವರು, ಸರ್ಕಾರದ ಯೋಜನೆಯಲ್ಲೋ ಬ್ಯಾಂಕಿನಲ್ಲೋ ಸಾಲ ಪಡೆದು ಸ್ವಂತ ಉದ್ಯೋಗ ಹಿಡಿದಿರುವವರು—ಇವರಿಗೆ ಯುವನಿಧಿ ಸಲ್ಲುವುದಿಲ್ಲ. ತಾನಿನ್ನೂ ನಿರುದ್ಯೋಗಿಯೆಂದು ಫಲಾನುಭವಿಯು ನಿಯತಕಾಲಕ್ಕೆ ಸ್ವಯಂ ಘೋಷಣೆ ಮಾಡಬೇಕು. ಯೋಜನೆ ಆರಂಭವಾದಾಗ ಅದು ಪ್ರತಿ ತಿಂಗಳೂ 25ನೆಯ ತಾರೀಖಿನೊಳಗೆ ಎಂದಿತ್ತು. ಘೋಷಣೆ ತಪ್ಪಿದರೆ ಹಣ ನಿಲ್ಲುತ್ತದೆ. ಸುಳ್ಳು ಘೋಷಣೆ ಮಾಡಿದವರ ಮೇಲೆ ಕ್ರಮ ಜರುಗುತ್ತದೆ. ಪ್ರಸ್ತುತ ಯಾವ ವರ್ಷ ತೇರ್ಗಡೆಯಾದವರಿಗೆ ಅರ್ಜಿ ತೆರೆದಿದೆ, ಘೋಷಣೆಯ ಕೊನೆಯ ದಿನ ಯಾವುದು ಎಂಬುದನ್ನು ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಕೇಳಿ ದೃಢಪಡಿಸಿಕೊಳ್ಳುವುದು ಉಚಿತ.

ಹಣದ ಮೊತ್ತವನ್ನು ನೋಡಿದರೆ ಇದು ಜೀವನೋಪಾಯಕ್ಕೆ ಸಾಲದು. ಕೊಟ್ಟವರ ಉದ್ದೇಶವೂ ಅದಲ್ಲ. ಈ ಭತ್ಯೆಯಿಂದ ದೊರೆಯುವ ನಿಜವಾದ ಸಂಪತ್ತು ಕಾಲ. ಅರ್ಜಿಗೆ ಮೊದಲಿನ ಆರು ತಿಂಗಳು, ಭತ್ಯೆಯ ಇಪ್ಪತ್ತನಾಲ್ಕು ತಿಂಗಳು, ಒಟ್ಟು ಎರಡೂವರೆ ವರ್ಷಗಳ ಈ ಕಾಲವನ್ನು ಯಾವುದಕ್ಕೆ ವಿನಿಯೋಗಿಸಿದರೆಂಬುದು, ಅದು ಮುಗಿಯುವ ದಿನ ತರುಣರ ಕೈಯಲ್ಲಿ ಏನು ಉಳಿದಿದೆ ಎಂಬುದನ್ನು ನಿರ್ಣಯಿಸುತ್ತದೆ.

ಕೈಗೆ ಬರುವುದನ್ನು ಬಿಡುವ ಭಯ

ಅಪ್ರೆಂಟಿಸ್ ಆಗಿ ಸೇರಿದರೆ ಭತ್ಯೆ ನಿಂತುಹೋಗುತ್ತದೆ ಎಂಬ ಕಾರಣದಿಂದಲೇ ಒಳ್ಳೆಯ ಅವಕಾಶವನ್ನು ತಿರಸ್ಕರಿಸುವ ಪ್ರವೃತ್ತಿ ಸಹಜವಾದದ್ದು. ಕೆಲಸವಿಲ್ಲದೆಯೂ ಬರುತ್ತಿರುವ ಹಣವನ್ನು ಅನಿಶ್ಚಿತವಾದ ಒಂದು ಪ್ರಯತ್ನಕ್ಕಾಗಿ ಬಿಟ್ಟುಕೊಡಲು ಯಾರ ಮನಸ್ಸೂ ಸುಲಭವಾಗಿ ಒಡಂಬಡುವುದಿಲ್ಲ. ಆದುದರಿಂದ ಹಿರಿಯರು ಇಲ್ಲಿ ನೀತಿಯನ್ನು ಬೋಧಿಸದೆ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸುವುದೇ ವಿಹಿತ.

ಪದವೀಧರನೊಬ್ಬನು 24 ತಿಂಗಳ ಭತ್ಯೆಯನ್ನು ಒಂದೂ ಬಿಡದೆ ಪಡೆದರೆ ದೊರೆಯುವುದು 72,000 ರೂಪಾಯಿ. ಅಪ್ರೆಂಟಿಸ್ ನಿಯಮಗಳಿಗೆ 2019ರಲ್ಲಾದ ತಿದ್ದುಪಡಿಯಂತೆ ಪದವೀಧರ ಅಪ್ರೆಂಟಿಸ್‌ಗೆ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 9000 ರೂಪಾಯಿ. ಒಂದೇ ವರ್ಷಕ್ಕೆ 1,08,000. ಡಿಪ್ಲೊಮಾದವರ ಪಕ್ಷದಲ್ಲಿ ಅಂತರ ಇನ್ನೂ ದೊಡ್ಡದು: ಎರಡು ವರ್ಷಗಳ ಭತ್ಯೆ 36,000 ರೂಪಾಯಿಯಾದರೆ, ತಿಂಗಳಿಗೆ ಕನಿಷ್ಠ 8000ದಂತೆ ಒಂದು ವರ್ಷದ ಸ್ಟೈಪೆಂಡ್ 96,000. ಆದರೆ ಲೆಕ್ಕವನ್ನು ಇಷ್ಟಕ್ಕೇ ನಿಲ್ಲಿಸುವುದು ಪ್ರಾಮಾಣಿಕವಲ್ಲ. ಊರು ಬಿಟ್ಟು ಬೆಂಗಳೂರಿಗೆ ಹೋಗಿ ಪಿ.ಜಿ.ಯಲ್ಲಿ ಇರಬೇಕಾದ ಹುಡುಗನಿಗೆ 9000 ರೂಪಾಯಿಯಲ್ಲಿ ಬಾಡಿಗೆ, ಊಟ, ಬಸ್ಸಿನ ಖರ್ಚು ಕಳೆದರೆ ಉಳಿಯುವುದು ಶೂನ್ಯಕ್ಕೆ ಸಮೀಪ. ಆದಕಾರಣ ಮನೆಯಿಂದ ಹೋಗಿಬರಬಹುದಾದ ಸ್ಥಳ, ಹಾಸ್ಟೆಲ್ ಅಥವಾ ಕ್ಯಾಂಟೀನ್ ಸೌಲಭ್ಯವುಳ್ಳ ಕಾರ್ಖಾನೆ, ಬಂಧುಗಳ ಮನೆಗೆ ಹತ್ತಿರದ ಊರು—ಇವುಗಳಿಗೆ ಮೊದಲ ಪ್ರಾಶಸ್ತ್ಯ ಕೊಡುವುದು ವಿವೇಕ.

ಮೊದಲ ಸಮಾಲೋಚನೆ

ಇಂಗ್ಲೆಂಡಿನಲ್ಲಿ 1998ರಲ್ಲಿ ಟೋನಿ ಬ್ಲೇರ್ ಅವರ ಸರ್ಕಾರವು, ಖಾಸಗೀಕರಣಗೊಂಡಿದ್ದ ಸಾರ್ವಜನಿಕ ಸೇವಾ ಕಂಪನಿಗಳ ಮೇಲೆ ವಿಶೇಷ ತೆರಿಗೆ ವಿಧಿಸಿ, ಅದರಿಂದ ಬಂದ ಹಣದಲ್ಲಿ ‘ನ್ಯೂ ಡೀಲ್’ ಎಂಬ ಯೋಜನೆಯನ್ನು 18ರಿಂದ 24 ವಯಸ್ಸಿನ ನಿರುದ್ಯೋಗಿಗಳಿಗಾಗಿ ನಡೆಸಿತು. ಆರು ತಿಂಗಳು ಭತ್ಯೆ ಪಡೆದವರು ಅದಕ್ಕೆ ಒಳಪಡುತ್ತಿದ್ದರು. ಸುಮಾರು ನಾಲ್ಕು ತಿಂಗಳ ಕಾಲ ಪ್ರತಿಯೊಬ್ಬರಿಗೂ ಒಬ್ಬ ಸಲಹೆಗಾರರು. ಆಮೇಲೂ ಕೆಲಸ ದೊರೆಯದಿದ್ದರೆ ಸಹಾಯಧನವುಳ್ಳ ನೌಕರಿ, ಪೂರ್ಣಾವಧಿಯ ಶಿಕ್ಷಣ, ಸ್ವಯಂಸೇವಾ ಸಂಸ್ಥೆಯ ಕೆಲಸ, ಪರಿಸರ ರಕ್ಷಣೆಯ ಕೆಲಸ ಎಂಬ ನಾಲ್ಕರಲ್ಲಿ ಒಂದು. ಸುಮ್ಮನೆ ಭತ್ಯೆ ಪಡೆಯುತ್ತ ಕುಳಿತಿರುವ ಐದನೆಯ ಆಯ್ಕೆ ಅಲ್ಲಿರಲಿಲ್ಲ. ಆ ನಿರ್ಬಂಧವು ನ್ಯಾಯವೋ ಅಲ್ಲವೋ ಎಂಬ ವಿವಾದ ನಮಗೆ ಬೇಡ. ಕೆಲಸ ಹುಡುಕುವ ತರುಣನ ಪಕ್ಕದಲ್ಲಿ ಅವನನ್ನು ಹೆಸರು ಹಿಡಿದು ಬಲ್ಲ ಒಬ್ಬ ಮನುಷ್ಯರಿರಬೇಕು ಎಂಬ ಆ ಯೋಜನೆಯ ಮೂಲತತ್ತ್ವವನ್ನು ನಾವು ನಮ್ಮ ಮನೆಯಲ್ಲಿಯೂ ಊರಿನಲ್ಲಿಯೂ ಅಳವಡಿಸಿಕೊಳ್ಳಬಹುದು.

ಅದಕ್ಕೆ ನನ್ನ ಸಲಹೆ ಸರಳವಾದದ್ದು. ಪ್ರತಿ ತಿಂಗಳೂ ಒಂದು ದಿನವನ್ನು ಗೊತ್ತುಮಾಡಿ, ಆ ದಿನ ಫಲಾನುಭವಿಯೂ ಹಿರಿಯರೂ ಅರ್ಧ ಗಂಟೆ ಒಟ್ಟಿಗೆ ಕುಳಿತುಕೊಳ್ಳಲಿ. ಘೋಷಣೆ ಸಲ್ಲಿಸುವ ದಿನವೇ ಆದರೆ ಇನ್ನೂ ಅನುಕೂಲ. ಕೇಳಬೇಕಾದ ಪ್ರಶ್ನೆಗಳು ಮೂರೇ: ಕಳೆದ ಸಲ ಗೊತ್ತುಮಾಡಿಕೊಂಡದ್ದರಲ್ಲಿ ಏನು ನಡೆಯಿತು? ನಡೆಯದೆ ಹೋದದ್ದಕ್ಕೆ ಅಡ್ಡಿ ಯಾವುದು? ಮುಂದಿನ ತಿಂಗಳು ಮಾಡಬೇಕಾದ ಒಂದು ಕಾರ್ಯ ಯಾವುದು? “ಇನ್ನೂ ಕೆಲಸ ಸಿಗಲಿಲ್ಲವೇನಪ್ಪ?” ಎಂಬ ಪ್ರಶ್ನೆಯನ್ನು ಊರೆಲ್ಲ ಕೇಳುತ್ತಿರುತ್ತದೆ; ಈ ಅರ್ಧ ಗಂಟೆಯಲ್ಲಾದರೂ ಅದು ಕೇಳಿಬರಬಾರದು.

ಮೊದಲ ಸಮಾಲೋಚನೆಯಲ್ಲಿ ಒಂದು ಹಾಳೆಯ ಮೇಲೆ ಇರುವುದನ್ನೆಲ್ಲ ಬರೆದುಕೊಳ್ಳುವುದು ಒಳ್ಳೆಯದು: ಓದಿದ ವಿಷಯ, ಬಲ್ಲ ಭಾಷೆಗಳು, ಕಂಪ್ಯೂಟರಿನಲ್ಲಿ ಮಾಡಬಲ್ಲ ಕೆಲಸ, ವಾಹನ ಚಾಲನೆಯ ಪರವಾನಗಿ, ತಂದೆಯ ಅಂಗಡಿಯಲ್ಲಿ ಲೆಕ್ಕ ಬರೆದ ಅಭ್ಯಾಸ, ಊರ ಜಾತ್ರೆಯಲ್ಲಿ ಮೈಕ್ ಸೆಟ್ಟನ್ನು ನಿರ್ವಹಿಸಿದ ಅನುಭವ. ಇವುಗಳಲ್ಲಿ ಅನೇಕವನ್ನು ತರುಣರು ಯೋಗ್ಯತೆಯೆಂದೇ ಎಣಿಸಿರುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷಿನ ಸಂದರ್ಶನಕ್ಕೆ ಅಂಜುವವರಿಗೆ, ತಮ್ಮನ್ನು ಪರಿಚಯಿಸಿಕೊಳ್ಳುವ ಹತ್ತು ವಾಕ್ಯಗಳನ್ನು ಹಿರಿಯರ ಎದುರಿಗೆ ಗಟ್ಟಿಯಾಗಿ ಹೇಳುವ ಅಭ್ಯಾಸವನ್ನು ಈ ಸಂದರ್ಭದಲ್ಲಿಯೇ ಆರಂಭಿಸಬಹುದು.

ಕೆಲಸದೊಡನೆ ಕಲಿಕೆ

ಅಪ್ರೆಂಟಿಸ್ ಕಾಯಿದೆಯು 1961ರಷ್ಟು ಹಳೆಯದು. ಅದರ ಈಗಿನ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಯು ತನ್ನ ಸಿಬ್ಬಂದಿಯ ಸಂಖ್ಯೆಯಲ್ಲಿ ಶೇಕಡಾ 2.5ರಿಂದ 15ರವರೆಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನಾಲ್ಕರಿಂದ 29 ಮಂದಿ ಇರುವಲ್ಲಿ ಅದು ಐಚ್ಛಿಕ. ಎಂದರೆ, ಅಪ್ರೆಂಟಿಸ್ ಸ್ಥಾನವನ್ನು ಕೇಳಿಕೊಂಡು ಕಾರ್ಖಾನೆಯ ಬಾಗಿಲಿಗೆ ಹೋಗುವ ತರುಣನು ಯಾರ ದಾಕ್ಷಿಣ್ಯವನ್ನೂ ಯಾಚಿಸುತ್ತಿಲ್ಲ. ಶಾಸನವು ತೆರೆದಿಟ್ಟ ಬಾಗಿಲನ್ನೇ ತಟ್ಟುತ್ತಿದ್ದಾನೆ.

ಪದವಿ ಮತ್ತು ಡಿಪ್ಲೊಮಾ ಪಡೆದವರು ‘ನ್ಯಾಟ್ಸ್’ ಎಂಬ ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆಯ ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. ಕರ್ನಾಟಕವು ಅದರಲ್ಲಿ ಚೆನ್ನೈಯ ದಕ್ಷಿಣ ವಲಯ ಮಂಡಳಿಗೆ ಸೇರಿದೆ, ಮತ್ತು ನಿಗದಿತ ಕನಿಷ್ಠ ಸ್ಟೈಪೆಂಡ್‌ನ ಅರ್ಧ ಭಾಗವನ್ನು ಕೇಂದ್ರ ಸರ್ಕಾರವೇ ಭರಿಸುತ್ತದೆ. ಐ.ಟಿ.ಐ. ಮುಗಿಸಿದವರಿಗೂ ಇತರರಿಗೂ 2016ರಲ್ಲಿ ಆರಂಭವಾದ ‘ನ್ಯಾಪ್ಸ್’ ಯೋಜನೆಯಿದೆ. ಬೆಂಗಳೂರಿನ ಎಚ್.ಎ.ಎಲ್. ಮತ್ತು ಬಿ.ಇ.ಎಲ್., ಮೈಸೂರು ಮತ್ತು ಕೋಲಾರ ಚಿನ್ನದ ಗಣಿ ಪ್ರದೇಶದ ಬಿ.ಇ.ಎಂ.ಎಲ್., ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರ, ರಸ್ತೆ ಸಾರಿಗೆ ನಿಗಮದ ಡಿಪೋಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವ ಪ್ರಸಿದ್ಧ ಸ್ಥಳಗಳು. ತರಬೇತಿ ಮುಗಿದ ಮೇಲೆ ಅದೇ ಸಂಸ್ಥೆಯಲ್ಲಿ ನೌಕರಿ ಕೊಡಲೇಬೇಕೆಂಬ ನಿರ್ಬಂಧವಿಲ್ಲವೆಂಬುದನ್ನು ಸೇರುವ ಮುಂಚೆಯೇ ತಿಳಿಸಿ ಹೇಳಬೇಕು. ಆದರೆ ಯಂತ್ರದ ಮುಂದೆ ಅಥವಾ ಕಚೇರಿಯ ಮೇಜಿನ ಮುಂದೆ ಕಳೆದ ಆ ಒಂದು ವರ್ಷದ ಪ್ರಮಾಣಪತ್ರಕ್ಕೆ ಮುಂದಿನ ಸಂದರ್ಶನದಲ್ಲಿ ದೊರೆಯುವ ಗೌರವವು, ವಿವರಣೆಯಿಲ್ಲದ ಒಂದು ಖಾಲಿ ವರ್ಷಕ್ಕೆ ದೊರೆಯಲಾರದು.

ಕೈಗೆ ಒಂದು ಕುಶಲತೆ ಬೇಕಾದವರಿಗೆ ರಾಜ್ಯದ ಕೌಶಲ್ಯಾಭಿವೃದ್ಧಿ ಇಲಾಖೆಯ ‘ಸ್ಕಿಲ್ ಕನೆಕ್ಟ್’ ಜಾಲತಾಣವು ಮೊದಲ ಬಾಗಿಲು. ಅದು ತರಬೇತಿಗಳನ್ನೂ ಖಾಲಿ ಹುದ್ದೆಗಳನ್ನೂ ಉದ್ಯೋಗ ಮೇಳಗಳನ್ನೂ ತಿಳಿಸುತ್ತದೆ, ಮತ್ತು ಯುವನಿಧಿ ಫಲಾನುಭವಿಗಳಿಗಾಗಿಯೇ ಕೌಶಲ್ಯ ತರಬೇತಿಯನ್ನು ಇಲಾಖೆ ಏರ್ಪಡಿಸುತ್ತದೆ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು, ಎಲ್ಲರೂ ಕರೆಯುವಂತೆ ಜಿ.ಟಿ.ಟಿ.ಸಿ.ಯು, ಇಂದು ಅನೇಕ ಜಿಲ್ಲೆಗಳಲ್ಲಿ ಶಾಖೆಗಳನ್ನು ಹೊಂದಿದ್ದು, ಅಲ್ಪಾವಧಿಯ ಶಿಕ್ಷಣಗಳನ್ನೂ ನಡೆಸುತ್ತದೆ. ಟಾಟಾ ಟೆಕ್ನಾಲಜೀಸ್ ಸಂಸ್ಥೆಯ ಸಹಭಾಗಿತ್ವದಲ್ಲಿ ಆಧುನಿಕಗೊಂಡ 150 ಸರ್ಕಾರಿ ಐ.ಟಿ.ಐ.ಗಳು 2022ರಿಂದ ಹೊಸ ಯಂತ್ರಗಳ ಮೇಲೆ ಶಿಕ್ಷಣ ಕೊಡುತ್ತಿವೆ. ಪದವೀಧರನು ಐ.ಟಿ.ಐ. ಆವರಣಕ್ಕೆ ಹೋಗುವುದು ಒಂದು ಇಳಿತವೆಂದು ಭಾವಿಸುವ ಮನೋಭಾವ ನಮ್ಮಲ್ಲಿ ಇನ್ನೂ ಇದೆ. ಸರ್ ಎಂ. ವಿಶ್ವೇಶ್ವರಯ್ಯನವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ತಮಗೆಂದು ಇಟ್ಟುಕೊಳ್ಳದೆ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯ ಸ್ಥಾಪನೆಗೆ ವಿನಿಯೋಗಿಸಿದರೆಂಬುದನ್ನು ಸ್ಮರಿಸಿದರೆ, ಕೈಕಸಬನ್ನು ಕೀಳಾಗಿ ಕಾಣುವ ಆ ಮನೋಭಾವಕ್ಕೆ ನಮ್ಮ ನಾಡಿನ ಹಿರಿಯರ ಸಮ್ಮತಿ ಎಂದೂ ಇರಲಿಲ್ಲವೆಂಬುದು ವಿದಿತವಾಗುತ್ತದೆ.

ಸ್ವಂತ ಉದ್ಯೋಗದ ಮಾರ್ಗ

ನೌಕರಿಗಿಂತ ಸ್ವಂತ ಉದ್ಯೋಗದಲ್ಲಿ ಒಲವುಳ್ಳವರಿಗೆ ಕರ್ನಾಟಕವು ಇಡೀ ಭಾರತಕ್ಕೇ ಮಾದರಿಯನ್ನು ಕೊಟ್ಟ ರಾಜ್ಯ. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಪ್ರೇರಣೆಯಿಂದ, ಅಂದಿನ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಲ್ಲಿ, 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಕ್ರಮವನ್ನೇ ಅನುಸರಿಸಿ, ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವು ದೇಶದ ಜಿಲ್ಲೆಗಳಲ್ಲಿ ಆರ್‌ಸೆಟಿ ಕೇಂದ್ರಗಳನ್ನು ಬ್ಯಾಂಕುಗಳ ಮೂಲಕ ಸ್ಥಾಪಿಸಿತು. ತರಬೇತಿ, ವಸತಿ, ಊಟ ಎಲ್ಲವೂ ಅಲ್ಲಿ ಉಚಿತ. ಹೈನುಗಾರಿಕೆ, ಮೊಬೈಲ್ ದುರಸ್ತಿ, ಮೋಟಾರ್ ರೀವೈಂಡಿಂಗ್, ಹೊಲಿಗೆ, ಬ್ಯೂಟಿ ಪಾರ್ಲರ್, ಛಾಯಾಗ್ರಹಣ ಮುಂತಾದ ವೃತ್ತಿಗಳನ್ನು ಕೆಲವೇ ವಾರಗಳಲ್ಲಿ ಕಲಿಸಿ, ಆಮೇಲೆ ಎರಡು ವರ್ಷಗಳವರೆಗೆ ಬೆನ್ನುಬಿಡದೆ ವಿಚಾರಿಸಿಕೊಳ್ಳುವುದು ಆ ಪದ್ಧತಿಯ ಜೀವಾಳ.

ಬಂಡವಾಳಕ್ಕೆ ಮುದ್ರಾ ಯೋಜನೆಯಲ್ಲಿ ‘ಶಿಶು’ ವರ್ಗದಲ್ಲಿ 50,000 ರೂಪಾಯಿಯವರೆಗೆ, ‘ಕಿಶೋರ’ ವರ್ಗದಲ್ಲಿ 5 ಲಕ್ಷದವರೆಗೆ ಅಡಮಾನವಿಲ್ಲದ ಸಾಲವುಂಟು. ಪಿ.ಎಂ.ಇ.ಜಿ.ಪಿ. ಯೋಜನೆಯಲ್ಲಿ, ಅಭ್ಯರ್ಥಿಯ ವರ್ಗವನ್ನೂ ಸ್ಥಳವನ್ನೂ ಅನುಸರಿಸಿ, ಯೋಜನಾ ವೆಚ್ಚದ ಶೇಕಡಾ 15ರಿಂದ 35ರವರೆಗೆ ಸಹಾಯಧನವುಂಟು. ಗ್ರಾಮಾಂತರದ ಮಹಿಳೆಗೆ ಅದು ಶೇಕಡಾ 35. ಸಾಲ ಪಡೆದು ಉದ್ಯೋಗ ಆರಂಭಿಸಿದೊಡನೆ ಯುವನಿಧಿ ನಿಲ್ಲುವುದರಿಂದ, ತರಬೇತಿ, ಮಾರುಕಟ್ಟೆಯ ವಿಚಾರಣೆ, ಆ ವೃತ್ತಿಯಲ್ಲಿರುವವರ ಅಂಗಡಿಯಲ್ಲಿ ಕೆಲವು ವಾರ ಕುಳಿತು ನೋಡುವುದು, ಇವೆಲ್ಲ ಸಾಲಕ್ಕೆ ಮೊದಲೇ ಮುಗಿಯಬೇಕಾದ ಕಾರ್ಯಗಳು.

ಸ್ಪರ್ಧಾ ಪರೀಕ್ಷೆಯೆಂಬ ಪ್ರಶ್ನೆ

ನಮ್ಮ ಪದವೀಧರರಲ್ಲಿ ಬಹುಮಂದಿ ಭತ್ಯೆಯ ಕಾಲವನ್ನೆಲ್ಲ ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಕೋಣೆ ಹಿಡಿದು ಎಫ್.ಡಿ.ಎ., ಎಸ್.ಡಿ.ಎ., ಪಿ.ಡಿ.ಓ., ಪಿ.ಎಸ್.ಐ. ಪರೀಕ್ಷೆಗಳ ಸಿದ್ಧತೆಗೆ ಮೀಸಲಿಡುತ್ತಾರೆ. ಇದನ್ನು ತಪ್ಪೆನ್ನಲಾಗದು, ಸರ್ಕಾರಿ ಕೆಲಸದ ಭದ್ರತೆಯನ್ನು ಬಯಸುವುದಕ್ಕೆ ಬಡಕುಟುಂಬದ ತರುಣನಿಗೆ ಸಕಾರಣವುಂಟು. ಆದರೆ ಅಧಿಸೂಚನೆ ಯಾವಾಗ ಹೊರಡುವುದೆಂಬುದು ಅಭ್ಯರ್ಥಿಯ ಅಧೀನದಲ್ಲಿಲ್ಲ. ಪರೀಕ್ಷೆ ಮುಂದೂಡಲ್ಪಟ್ಟು, ಫಲಿತಾಂಶ ನ್ಯಾಯಾಲಯದ ಮೆಟ್ಟಿಲೇರಿ, ವರ್ಷಗಳು ಹಿಡಿಯುವುದೂ ಉಂಟು. ಆದಕಾರಣ ಸಿದ್ಧತೆಗೆ ತೊಡಗುವ ದಿನವೇ ಹಿರಿಯರೊಡನೆ ಕುಳಿತು ಒಂದು ಮಿತಿಯನ್ನು ಗೊತ್ತುಮಾಡಿಕೊಳ್ಳಬೇಕು: ಇಂತಿಷ್ಟು ಪ್ರಯತ್ನಗಳು, ಅಥವಾ ಇಂಥ ತಿಂಗಳವರೆಗೆ, ಅಷ್ಟರಲ್ಲಿ ಆಗದಿದ್ದರೆ ಅಪ್ರೆಂಟಿಸ್ ಸ್ಥಾನಕ್ಕೋ ಖಾಸಗಿ ಕೆಲಸಕ್ಕೋ ಸೇರಿ, ಓದನ್ನು ಬೆಳಗು ಸಂಜೆಗಳಲ್ಲಿ ಮುಂದುವರಿಸುವುದು. ಮಿತಿಯನ್ನು ಸೋತ ಮೇಲೆ ಹೇರಿದರೆ ಅದು ಶಿಕ್ಷೆಯಂತೆ ಕಾಣುತ್ತದೆ. ಮೊದಲೇ ಒಪ್ಪಿಕೊಂಡಿದ್ದರೆ ಅದು ತಮ್ಮದೇ ನಿರ್ಧಾರವಾಗಿರುತ್ತದೆ.

ಹೆಣ್ಣುಮಕ್ಕಳ ವಿಷಯ

ಹುಡುಗಿಯರ ಪಕ್ಷದಲ್ಲಿ ಅಡ್ಡಿಯಾಗುವುದು ಬಹುವಾಗಿ ಯೋಗ್ಯತೆಯಲ್ಲ, ದೂರ. ತಾಲ್ಲೂಕು ಕೇಂದ್ರದಾಚೆಗೆ ಕಳುಹಿಸಲು ಹಿಂಜರಿಯುವ ತಂದೆತಾಯಿಯರಿಗೆ ಎರಡು ಸಂಗತಿಗಳನ್ನು ತಿಳಿಸಬೇಕು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಮಹಿಳೆಯರಿಗೆ ಪ್ರಯಾಣ ಉಚಿತವಾದುದರಿಂದ, ಜಿಲ್ಲಾ ಕೇಂದ್ರದ ತರಬೇತಿಗೆ ದಿನವೂ ಹೋಗಿಬರುವುದಕ್ಕೆ ಈಗ ಬಸ್ಸಿನ ಖರ್ಚು ಅಡ್ಡಿಯಲ್ಲ. ವಸತಿಸಹಿತ ತರಬೇತಿಯಾದರೆ, ಸೇರುವ ಮುಂಚೆ ತಾಯಿಯೋ ಅಕ್ಕನೋ ಒಮ್ಮೆ ಜೊತೆಗೆ ಹೋಗಿ ಹಾಸ್ಟೆಲನ್ನೂ ಮೇಲ್ವಿಚಾರಕಿಯನ್ನೂ ಕಂಡುಬರಲಿ. ಹತ್ತು ಮಾತಿನ ಸಮಾಧಾನದಿಂದ ನಿವಾರಣೆಯಾಗದ ಸಂಶಯವು ಆ ಒಂದು ಭೇಟಿಯಿಂದ ನಿವಾರಣೆಯಾಗಬಲ್ಲದು.

ಎಚ್ಚರಿಕೆಗಳು

ಕೆಲಸವಿಲ್ಲದವರ ಸುತ್ತ ವಂಚಕರು ನೆರೆಯುವುದು ಹೊಸದೇನೂ ಅಲ್ಲ. ಕೆಲಸ ಕೊಡುವ ಮುಂಚೆ ಠೇವಣಿಯನ್ನೋ ‘ರಿಜಿಸ್ಟ್ರೇಷನ್ ಶುಲ್ಕ’ವನ್ನೋ ಕೇಳುವವರನ್ನು ನಂಬಬಾರದು, ಮೇಲೆ ಹೇಳಿದ ಆರ್‌ಸೆಟಿ ತರಬೇತಿಗಾಗಲಿ ಅಪ್ರೆಂಟಿಸ್ ನೋಂದಣಿಗಾಗಲಿ ಅಂಥ ಹಣವನ್ನು ಕೊಡಬೇಕಾದ್ದಿಲ್ಲ. ಮೂಲ ಅಂಕಪಟ್ಟಿಗಳನ್ನು ಯಾವ ಸಂಸ್ಥೆಯ ವಶಕ್ಕೂ ಒಪ್ಪಿಸಬಾರದು. ತೋರಿಸಿ, ನಕಲನ್ನು ಕೊಟ್ಟರೆ ಸಾಕು. ಭತ್ಯೆ ಬರುವ ಖಾತೆಯನ್ನಾಗಲಿ, ಎ.ಟಿ.ಎಂ. ಕಾರ್ಡನ್ನಾಗಲಿ, ಸಿಮ್ಮನ್ನಾಗಲಿ ‘ಬಾಡಿಗೆಗೆ’ ಕೇಳುವವರಿಂದ ದೂರವಿರಬೇಕು. ಆ ಖಾತೆಯ ಮೂಲಕ ಕಳ್ಳ ಹಣ ಸಾಗಿದರೆ ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ಖಾತೆದಾರನನ್ನೇ. ಹಣ ಕಳೆದುಕೊಂಡವರು ಸಂಕೋಚದಿಂದ ಸುಮ್ಮನಿರದೆ, ಕೂಡಲೆ 1930 ಎಂಬ ಸೈಬರ್ ಅಪರಾಧ ಸಹಾಯವಾಣಿಗೆ ಕರೆ ಮಾಡಬೇಕು.

ಕೆಲಸ ದೊರೆತ ಮೇಲೆ

ಕೆಲಸಕ್ಕೆ ಸೇರಿದ ದಿನದಿಂದ ಮೊದಲ ಸಂಬಳ ಕೈಗೆ ಬರುವವರೆಗಿನ ಸುಮಾರು ಒಂದೂವರೆ ತಿಂಗಳು ಅತ್ಯಂತ ಇಕ್ಕಟ್ಟಿನ ಕಾಲ. ಭತ್ಯೆ ನಿಂತಿರುತ್ತದೆ, ಖರ್ಚು ಆರಂಭವಾಗಿರುತ್ತದೆ, ಮುಂಗಡ ಬಾಡಿಗೆಗೆ ಹಣವಿರುವುದಿಲ್ಲ. ಎಷ್ಟೋ ಮಂದಿ ಕೆಲಸ ಕಠಿಣವೆಂದಲ್ಲ, ಕೈ ಬರಿದಾಯಿತೆಂದು ಊರಿಗೆ ಮರಳುತ್ತಾರೆ. ಇದಕ್ಕೆ ಪರಿಹಾರವನ್ನು ಮುಂಚಿತವಾಗಿಯೇ ಯೋಚಿಸಬೇಕು: ಭತ್ಯೆಯಲ್ಲಿ ತಿಂಗಳಿಗೆ ಐನೂರು ರೂಪಾಯಿಯನ್ನಾದರೂ ಈ ಉದ್ದೇಶಕ್ಕಾಗಿ ತೆಗೆದಿಡುವುದು, ಅದು ಸಾಲದಿದ್ದರೆ ಹಿರಿಯರು ಹಿಂದಿರುಗಿಸುವ ಕರಾರಿನ ಮೇಲೆ ಕೈಸಾಲ ಕೊಡುವುದು. 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ಮೊದಲ ಬಾರಿಗೆ ಭವಿಷ್ಯನಿಧಿಗೆ ಒಳಪಡುವ ನೌಕರಿಗೆ ಸೇರುವವರಿಗೆ, ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯಲ್ಲಿ, ಒಂದು ತಿಂಗಳ ವೇತನಕ್ಕೆ ಸಮನಾಗಿ 15,000 ರೂಪಾಯಿಯವರೆಗೆ ಎರಡು ಕಂತುಗಳಲ್ಲಿ ದೊರೆಯುತ್ತದೆ. ಮೊದಲನೆಯ ಕಂತು ಆರು ತಿಂಗಳು ಕೆಲಸದಲ್ಲಿ ನಿಂತ ಮೇಲೆಯೇ ಬರುವುದರಿಂದ, ಆರಂಭದ ಇಕ್ಕಟ್ಟಿಗೆ ಅದು ಒದಗುವುದಿಲ್ಲ. ಆದರೆ ಆರು ತಿಂಗಳು ನಿಲ್ಲುವುದಕ್ಕೆ ಅದು ಒಂದು ಕಾರಣವಾಗಬಲ್ಲದು.

ಕೆಲಸಕ್ಕೆ ಸೇರಿದ್ದನ್ನು ಯುವನಿಧಿಯ ದಾಖಲೆಯಲ್ಲಿ ತಕ್ಷಣ ತಿಳಿಸಬೇಕು, ಭವಿಷ್ಯನಿಧಿಯ ಯು.ಎ.ಎನ್. ಸಂಖ್ಯೆ ಹುಟ್ಟಿದೊಡನೆ ನೌಕರಿಯ ಸಂಗತಿ ಸರ್ಕಾರದ ದಾಖಲೆಗೆ ಸೇರುತ್ತದೆಯಾದುದರಿಂದ, ಮುಚ್ಚಿಡುವ ಪ್ರಯತ್ನ ಅನೀತಿಯೂ ಹೌದು, ನಿರರ್ಥಕವೂ ಹೌದು. ಇಷ್ಟಾದ ಮೇಲೆಯೂ ತಿಂಗಳಿಗೊಮ್ಮೆಯ ಸಮಾಲೋಚನೆಯನ್ನು ಇನ್ನು ಆರು ತಿಂಗಳು ನಿಲ್ಲಿಸಬಾರದು. ಮೇಲಧಿಕಾರಿಯ ಒಂದು ಕಟುವಾದ ಮಾತಿಗೆ ರಾಜೀನಾಮೆ ಬರೆಯಬೇಕೆನ್ನಿಸುವುದು ಆ ಕಾಲದಲ್ಲಿಯೇ. ದೂರವಾಣಿಯಲ್ಲಿ ಹತ್ತು ನಿಮಿಷ ಕೇಳಿಸಿಕೊಳ್ಳುವವರೊಬ್ಬರಿದ್ದರೆ ಆ ಕಾಗದ ಬಹುಮಟ್ಟಿಗೆ ಬರೆಯಲ್ಪಡುವುದಿಲ್ಲ. ಆ ಕೆಲಸ ನಿಜವಾಗಿಯೂ ಒಗ್ಗದೆ ಹೋದರೆ ಬಿಡುವುದರಲ್ಲಿ ಅವಮಾನವೇನಿಲ್ಲ. ಇನ್ನೊಂದು ಕೆಲಸ ಕೈಗೆ ಬಂದ ಮೇಲೆ, ಅನುಭವದ ಪತ್ರವನ್ನು ಪಡೆದುಕೊಂಡು, ನೋಟಿಸ್ ಅವಧಿಯನ್ನು ಪೂರೈಸಿ ಹೊರಬರಬೇಕೆಂಬುದಷ್ಟನ್ನೇ ಹಿರಿಯರು ನೆನಪಿಸಬೇಕು. ಹಾಗೆ ಎರಡನೆಯ ಕೆಲಸವನ್ನು ತಾವಾಗಿಯೇ ಹುಡುಕಿಕೊಳ್ಳುವ ಶಕ್ತಿ ಬಂದಿತೆಂದರೆ ಹಿರಿಯರ ಹೊಣೆ ಅಲ್ಲಿಗೆ ತೀರಿತು. ಆ ಅರ್ಧ ಗಂಟೆಯನ್ನು ಊರಿನ ಇನ್ನೊಬ್ಬ ತರುಣನಿಗೋ ತರುಣಿಗೋ ಮೀಸಲಿಡಬಹುದು.